ಅಡ್ರಿನಲ್ ಗೆಡ್ಡೆಗೆ ಯಾವ ಪರೀಕ್ಷೆ, ಎಲ್ಲಿ? ಕೊಡಗಿನ ರೋಗಿಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಮೂತ್ರಪಿಂಡದಲ್ಲಿ ಕಲ್ಲಿದೆಯೇ ಎಂದು ನೋಡಲು ಮಾಡಿಸಿದ ಸಿಟಿ ಸ್ಕ್ಯಾನ್‌ನ ವರದಿಯಲ್ಲಿ, ಕೇಳದೇ ಇದ್ದ ಒಂದು ಸಾಲು ಸೇರಿಕೊಂಡಿರುವುದುಂಟು: ‘ಎಡ ಅಡ್ರಿನಲ್ ಗ್ರಂಥಿಯಲ್ಲಿ 2 ಸೆಂ.ಮೀ. ಗಾತ್ರದ ಗೆಡ್ಡೆ’. ಓದಿದ ಮನೆಯವರು ಮೊದಲು ಕೇಳುವುದು ‘ಇದು ಕ್ಯಾನ್ಸರೇ?’ ಎಂದು. ಬಹುಪಾಲು ಸಂದರ್ಭಗಳಲ್ಲಿ ಅಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಈ ಗೆಡ್ಡೆ ಹಾರ್ಮೋನ್ ಉತ್ಪಾದಿಸುತ್ತಿದೆಯೇ? ಮೂರು ಮಾತ್ರೆ ನುಂಗಿದರೂ ಬಿಪಿ ಇಳಿಯದವರು, ಕಾರಣ ತಿಳಿಯದೆ ಪದೇ ಪದೇ ಪೊಟ್ಯಾಸಿಯಂ ಕಡಿಮೆಯಾಗುವವರು ಇದೇ ಪ್ರಶ್ನೆಗೆ ಬೇರೊಂದು ದಾರಿಯಿಂದ ಬಂದು ತಲುಪುತ್ತಾರೆ.

ಎರಡು ಮೂತ್ರಪಿಂಡಗಳ ಮೇಲೆ ಒಂದೊಂದರಂತೆ ಕುಳಿತಿರುವ ಈ ಗ್ರಂಥಿಗಳು ತೂಕದಲ್ಲಿ 4–5 ಗ್ರಾಂ ಮಾತ್ರ. ಹೊರಪದರವು ಉಪ್ಪು ಮತ್ತು ಪೊಟ್ಯಾಸಿಯಂ ನಿಯಂತ್ರಿಸುವ ಅಲ್ಡೋಸ್ಟೀರಾನ್, ದೇಹದ ಸಹಜ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ಹಾಗೂ ಸ್ವಲ್ಪ ಪ್ರಮಾಣದ ಪುರುಷ ಹಾರ್ಮೋನ್‌ಗಳನ್ನು ತಯಾರಿಸುತ್ತದೆ. ಒಳತಿರುಳು ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್‌ಗಳನ್ನು ತಯಾರಿಸುತ್ತದೆ. ಗೆಡ್ಡೆ ಯಾವ ಪದರದಲ್ಲಿ ಹುಟ್ಟಿತು ಎಂಬುದರ ಮೇಲೆ ರೋಗ ಬೇರೆ, ಪರೀಕ್ಷೆಯೂ ಬೇರೆ. ಎಲ್ಲಕ್ಕೂ ಸಲ್ಲುವ ಒಂದೇ ‘ಅಡ್ರಿನಲ್ ಟೆಸ್ಟ್’ ಎಂಬುದಿಲ್ಲ.

ಕೊಡಗಿನಲ್ಲಿ ಈ ಆಯ್ಕೆಗೆ ಇನ್ನೂ ಒಂದು ಮುಖವಿದೆ. ಜಿಲ್ಲೆಗೆ ರೈಲಿಲ್ಲ, ಮಡಿಕೇರಿಯಿಂದ ಮೈಸೂರಿಗೆ ರಸ್ತೆಯಲ್ಲಿ ಸುಮಾರು 120 ಕಿ.ಮೀ., ಬೆಂಗಳೂರಿಗೆ ಸುಮಾರು 250 ಕಿ.ಮೀ. ವಿರಾಜಪೇಟೆಯಲ್ಲೋ ಸೋಮವಾರಪೇಟೆಯಲ್ಲೋ ತೆಗೆದ ರಕ್ತ ಇಂತಹ ಪರೀಕ್ಷೆಗಳಿಗಾಗಿ ಸಾಮಾನ್ಯವಾಗಿ ಹೊರಜಿಲ್ಲೆಯ ಲ್ಯಾಬ್‌ಗೆ ಪ್ರಯಾಣ ಮಾಡಬೇಕಾಗುತ್ತದೆ, ಮಳೆಗಾಲದಲ್ಲಿ ಆ ಪ್ರಯಾಣ ಎಷ್ಟು ಹೊತ್ತಿನದೆಂದು ಯಾರೂ ಹೇಳಲಾರರು. ಕೆಲವು ಹಾರ್ಮೋನ್‌ಗಳು ಈ ಪ್ರಯಾಣವನ್ನು ತಾಳುತ್ತವೆ, ಕೆಲವು ತಾಳುವುದಿಲ್ಲ. ಆದ್ದರಿಂದ ಯಾವ ಪರೀಕ್ಷೆ ಹೆಚ್ಚು ನಿಖರ ಎಂದು ಕೇಳುವುದರ ಜೊತೆಗೆ, ಈ ಪರೀಕ್ಷೆಗೆ ಟ್ಯೂಬನ್ನು ಕಳುಹಿಸಿದರೆ ಸಾಕೇ ಅಥವಾ ರೋಗಿಯೇ ಹೋಗಬೇಕೇ ಎಂದೂ ಕೇಳಬೇಕು. ಈ ಬರಹದ ಹೋಲಿಕೆ ಮುಖ್ಯವಾಗಿ ಆ ಎರಡನೆಯ ಪ್ರಶ್ನೆಯನ್ನು ಹಿಡಿದು ಸಾಗುತ್ತದೆ. ಯಾವ ಔಷಧವನ್ನು ಯಾವಾಗ ನಿಲ್ಲಿಸಬೇಕೆಂಬ ತೀರ್ಮಾನ ಮಾತ್ರ ಚಿಕಿತ್ಸೆ ನೀಡುತ್ತಿರುವ ವೈದ್ಯರದೇ. ಬಿಪಿ ಮಾತ್ರೆಯನ್ನು ತಾವಾಗಿಯೇ ಬಿಡುವುದು ಅಪಾಯಕರ.

ಮೊದಲು ಹಾರ್ಮೋನ್, ಆಮೇಲೆ ಚಿತ್ರ

ಲಕ್ಷಣಗಳಿಂದ ಅನುಮಾನ ಬಂದವರಲ್ಲಿ ಸ್ಕ್ಯಾನ್‌ನಿಂದ ಆರಂಭಿಸುವುದು ತಪ್ಪು ಕ್ರಮ. 50ರ ಆಸುಪಾಸಿನವರಲ್ಲಿ ಸುಮಾರು ಶೇ. 3ರಷ್ಟು ಮಂದಿಗೆ, ಇಳಿವಯಸ್ಸಿನಲ್ಲಿ ಶೇ. 10ರವರೆಗೂ, ಅಡ್ರಿನಲ್‌ನಲ್ಲಿ ಯಾವುದೋ ಒಂದು ಗೆಡ್ಡೆ ಇರುತ್ತದೆ. ಅವುಗಳಲ್ಲಿ ಹೆಚ್ಚಿನವು ಹಾರ್ಮೋನ್ ಸುರಿಸದೆ ತಮ್ಮ ಪಾಡಿಗೆ ಇರುತ್ತವೆ. ಸ್ಕ್ಯಾನ್‌ನಲ್ಲಿ ಕಂಡದ್ದೇ ರೋಗದ ಮೂಲವೆಂದು ತಿಳಿದು ಶಸ್ತ್ರಚಿಕಿತ್ಸೆ ಮಾಡಿಸಿದರೆ ನಿಜವಾದ ತಪ್ಪಿತಸ್ಥ ಇನ್ನೊಂದು ಬದಿಯ ಗ್ರಂಥಿಯಲ್ಲಿ ಉಳಿದುಬಿಡಬಹುದು.

ಸ್ಕ್ಯಾನ್‌ನಲ್ಲಿ ಆಕಸ್ಮಿಕವಾಗಿ ಗೆಡ್ಡೆ ಕಂಡವರಿಗೆ ಕ್ರಮ ಹೀಗಿದೆ: ಕಾರ್ಟಿಸಾಲ್ ಪರೀಕ್ಷೆ ಎಲ್ಲರಿಗೂ ಬೇಕು, ಬಿಪಿ ಇದ್ದರೆ ಅಥವಾ ಪೊಟ್ಯಾಸಿಯಂ ಕಡಿಮೆಯಿದ್ದರೆ ಅಲ್ಡೋಸ್ಟೀರಾನ್ ಪರೀಕ್ಷೆ ಬೇಕು, ಸಿಟಿಯಲ್ಲಿ ಗೆಡ್ಡೆ ಕೊಬ್ಬಿನಂಶದಿಂದ ಕೂಡಿದೆಯೆಂದು ಸ್ಪಷ್ಟವಾಗಿರದಿದ್ದರೆ ಫಿಯೋಕ್ರೋಮೊಸೈಟೋಮಾ (ಅಡ್ರಿನಲಿನ್ ಸುರಿಸುವ ಒಳತಿರುಳಿನ ಗೆಡ್ಡೆ) ಪರೀಕ್ಷೆಯೂ ಬೇಕು. ಪುರುಷ ಹಾರ್ಮೋನ್‌ಗಳ ಪರೀಕ್ಷೆ ಎಲ್ಲರಿಗೂ ಬೇಡ. ಮಹಿಳೆಯೊಬ್ಬರಿಗೆ ಕೆಲವೇ ತಿಂಗಳುಗಳಲ್ಲಿ ಮುಖದ ಮೇಲೆ ಕೂದಲು ದಟ್ಟವಾಗಿ, ಧ್ವನಿ ಗಡುಸಾದರೆ ಡಿಎಚ್‌ಇಎ-ಎಸ್ ಮತ್ತು ಟೆಸ್ಟೋಸ್ಟೀರಾನ್ ನೋಡಲೇಬೇಕು, ಏಕೆಂದರೆ ಅಷ್ಟು ವೇಗದ ಬದಲಾವಣೆಯ ಹಿಂದೆ ಅಡ್ರಿನಲ್ ಕ್ಯಾನ್ಸರ್ ಇರುವ ಸಾಧ್ಯತೆಯಿದೆ. ಎರಡೂ ಗ್ರಂಥಿಗಳು ದೊಡ್ಡದಾಗಿ, ತೂಕ ಇಳಿಯುತ್ತ, ಬಿಪಿ ಕಡಿಮೆಯಾಗುತ್ತಿದ್ದರೆ ಯೋಚನೆ ಬೇರೆ ದಿಕ್ಕಿಗೆ ಹೊರಳಬೇಕು: ನಮ್ಮ ದೇಶದಲ್ಲಿ ಕ್ಷಯ ಮತ್ತು ಹಿಸ್ಟೊಪ್ಲಾಸ್ಮೋಸಿಸ್ ಎಂಬ ಶಿಲೀಂಧ್ರ ಸೋಂಕು ಅಡ್ರಿನಲ್‌ಗಳನ್ನು ಹೀಗೆ ಊದಿಸುವುದುಂಟು, ಅಲ್ಲಿ ತೊಂದರೆ ಹಾರ್ಮೋನ್ ಹೆಚ್ಚಾಗುವುದರದಲ್ಲ, ಸಾಲದಾಗುವುದರದು.

ಫಿಯೋಕ್ರೋಮೊಸೈಟೋಮಾ: ರಕ್ತವೋ, 24 ತಾಸಿನ ಮೂತ್ರವೋ?

ಒಳತಿರುಳಿನ ಈ ಗೆಡ್ಡೆ ಅಪರೂಪ. ಬಿಪಿ ಇರುವ 1000 ಮಂದಿಯಲ್ಲಿ ಆರಕ್ಕಿಂತ ಹೆಚ್ಚಿನವರಿಗೆ ಇರಲಾರದು. ಥಟ್ಟನೆ ತಲೆನೋವು, ಬೆವರು, ಎದೆಬಡಿತ, ಮುಖ ಬಿಳಿಚಿಕೊಳ್ಳುವುದು, ಬಿಪಿ ಏರುವುದು, ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ತಣ್ಣಗಾಗುವುದು ಇದರ ಪರಿ. ‘ಗಾಬರಿಯ ಕಾಯಿಲೆ’ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಔಷಧ ತೆಗೆದುಕೊಂಡವರೂ ಇದ್ದಾರೆ. ಗೊತ್ತಿಲ್ಲದೆ ಅರಿವಳಿಕೆ ಕೊಟ್ಟರೆ ಅಥವಾ ಗೆಡ್ಡೆಗೆ ಸೂಜಿ ಹಾಕಿದರೆ ಬಿಪಿ ಪ್ರಾಣಕ್ಕೆ ಕುತ್ತಾಗುವಷ್ಟು ಏರಬಹುದಾದ್ದರಿಂದ, ಅಪರೂಪವೆಂದು ಇದನ್ನು ಕೈಬಿಡುವಂತಿಲ್ಲ.

ಅಡ್ರಿನಲಿನ್ ರಕ್ತಕ್ಕೆ ಬಿಟ್ಟು ಬಿಟ್ಟು ಸುರಿಯುತ್ತದೆ. ಆದರೆ ಅದರಿಂದ ಉಂಟಾಗುವ ಮೆಟಾನೆಫ್ರಿನ್‌ಗಳು ಗೆಡ್ಡೆಯೊಳಗೇ ಸದಾ ತಯಾರಾಗುತ್ತಿರುತ್ತವೆ. ಹಾಗಾಗಿ ಅಡ್ರಿನಲಿನ್ ಅಳೆಯುವುದಕ್ಕಿಂತ ಮೆಟಾನೆಫ್ರಿನ್ ಅಳೆಯುವುದು ಮೇಲು. ಹಿಂದೆ ಬಳಕೆಯಲ್ಲಿದ್ದ ವಿಎಂಎ ಮೂತ್ರಪರೀಕ್ಷೆಯನ್ನು ಈಗಲೂ ಯಾರಾದರೂ ಬರೆದುಕೊಟ್ಟರೆ, ಮೆಟಾನೆಫ್ರಿನ್ ಪರೀಕ್ಷೆ ಮಾಡಿಸಬಹುದೇ ಎಂದು ವಿನಯದಿಂದಲೇ ಕೇಳುವುದು ಒಳ್ಳೆಯದು.

ಉಳಿದ ಆಯ್ಕೆಗಳು ಎರಡು: ರಕ್ತದ ಪ್ಲಾಸ್ಮಾದಲ್ಲಿ ಮುಕ್ತ ಮೆಟಾನೆಫ್ರಿನ್, ಇಲ್ಲವೇ 24 ತಾಸಿನ ಮೂತ್ರದಲ್ಲಿ ಮೆಟಾನೆಫ್ರಿನ್. ಎರಡನ್ನೂ ವೈದ್ಯಕೀಯ ಮಾರ್ಗಸೂಚಿಗಳು ಒಪ್ಪುತ್ತವೆ. ರಕ್ತಪರೀಕ್ಷೆಯಿಂದ ಗೆಡ್ಡೆ ತಪ್ಪಿಹೋಗುವುದು ಬಹಳ ಕಡಿಮೆ, ಆದರೆ ಅದಕ್ಕೊಂದು ಕರಾರಿದೆ: ರೋಗಿ 20ರಿಂದ 30 ನಿಮಿಷ ಅಂಗಾತ ಮಲಗಿದ್ದು, ಮಲಗಿದ್ದಂತೆಯೇ ರಕ್ತ ಕೊಡಬೇಕು. ಬಸ್ಸಿಳಿದು ಬಂದು ಕುರ್ಚಿಯ ಮೇಲೆ ಕುಳಿತು ಕೊಟ್ಟರೆ ನಾರ್‌ಮೆಟಾನೆಫ್ರಿನ್ ಸುಮ್ಮನೆ ಏರಿ, ಇಲ್ಲದ ಗೆಡ್ಡೆಯನ್ನು ಹುಡುಕುವ ಕೆಲಸ ಆರಂಭವಾಗುತ್ತದೆ. ರಕ್ತವನ್ನು ತಣ್ಣಗಿಟ್ಟು ಬೇಗ ಪ್ಲಾಸ್ಮಾ ಬೇರ್ಪಡಿಸುವ ಏರ್ಪಾಡೂ ಇರಬೇಕು. ಆದ್ದರಿಂದ ರಕ್ತ ಸಂಗ್ರಹಿಸುವ ಕೇಂದ್ರಕ್ಕೆ ಫೋನ್ ಮಾಡಿ ಕೇಳಬೇಕಾದದ್ದು ದರವನ್ನಲ್ಲ: ಮಲಗಲು ಮಂಚವಿದೆಯೇ, ಪ್ಲಾಸ್ಮಾವನ್ನು ಅಲ್ಲೇ ಬೇರ್ಪಡಿಸುತ್ತಾರೆಯೇ? ಎರಡರಲ್ಲಿ ಒಂದಕ್ಕಾದರೂ ‘ಇಲ್ಲ’ ಎಂಬ ಉತ್ತರ ಬಂದರೆ ರೋಗಿಯೇ ಮೈಸೂರಿಗೋ ಮಂಗಳೂರಿಗೋ ಹೋಗುವುದು ಲೇಸು, ಅಥವಾ ಮೂತ್ರಪರೀಕ್ಷೆಯನ್ನು ಆರಿಸಿಕೊಳ್ಳುವುದು ಲೇಸು.

ಮೂತ್ರಕ್ಕೆ ಮಲಗುವ ಕರಾರಿಲ್ಲ, ಸಾಗಣೆಯೂ ಸುಲಭ, ಕಷ್ಟವಿರುವುದು ಸಂಗ್ರಹದಲ್ಲಿ. ಬೆಳಿಗ್ಗೆ ಎದ್ದಕೂಡಲೆ ಮಾಡಿದ ಮೊದಲ ಮೂತ್ರವನ್ನು ಚೆಲ್ಲಿ, ಸಮಯ ಬರೆದುಕೊಂಡು, ಅಲ್ಲಿಂದ ಮರುದಿನ ಅದೇ ಹೊತ್ತಿನ ಮೂತ್ರದವರೆಗೆ ಪ್ರತಿ ಹನಿಯನ್ನೂ ಲ್ಯಾಬ್ ಕೊಟ್ಟ ಕ್ಯಾನ್‌ಗೆ ಹಾಕಬೇಕು. ಕ್ಯಾನ್‌ನಲ್ಲಿ ಮೊದಲೇ ಆಮ್ಲ ಹಾಕಿ ಕೊಡುವುದುಂಟು. ಅದನ್ನು ತೊಳೆದುಬಿಡಬಾರದು, ಮೈಗೆ ಸಿಡಿಸಿಕೊಳ್ಳಲೂಬಾರದು, ಬೇರೆ ಪಾತ್ರೆಯಲ್ಲಿ ಹಿಡಿದು ಸುರಿಯಬೇಕು. ತೋಟದ ಲೈನ್ ಮನೆಗಳಲ್ಲಿ ಶೌಚಾಲಯವನ್ನು ಹಲವರು ಹಂಚಿಕೊಳ್ಳುವಾಗ, ಹಗಲೆಲ್ಲ ಕಾಫಿ ಗಿಡಗಳ ನಡುವೆ ಕೆಲಸ ಮಾಡುವಾಗ ಇದು ಎಷ್ಟರಮಟ್ಟಿಗೆ ಸಾಧ್ಯ ಎಂದು ಬರೆದುಕೊಡುವವರು ಯೋಚಿಸಬೇಕು; ರಜೆಯ ದಿನವೊಂದನ್ನು ಇದಕ್ಕೆ ಮೀಸಲಿಡದೆ ಆಗದು. ಅದೇ ಮೂತ್ರದಲ್ಲಿ ಕ್ರಿಯಾಟಿನಿನ್ ಕೂಡ ನೋಡಲು ಹೇಳಿದರೆ ಸಂಗ್ರಹ ಪೂರ್ತಿಯಾಗಿತ್ತೇ ಎಂಬುದು ತಿಳಿಯುತ್ತದೆ. ಮೂತ್ರಪಿಂಡ ವೈಫಲ್ಯ ಇರುವವರಿಗೆ ಮಾತ್ರ ಈ ಆಯ್ಕೆ ಒಗ್ಗದು, ಅವರಿಗೆ ರಕ್ತಪರೀಕ್ಷೆಯೇ ಸರಿ.

ಕಾಫಿ ಬೆಳೆಯುವ ನಾಡಿನಲ್ಲಿ ಹೇಳಲು ಕಷ್ಟವಾದ ಮಾತೊಂದಿದೆ: ಹಿಂದಿನ ರಾತ್ರಿಯಿಂದ ಕಾಫಿ, ಟೀ, ಬೀಡಿ, ಸಿಗರೇಟು ಯಾವುದೂ ಬೇಡ, ರಕ್ತ ಕೊಡುವ ಬೆಳಿಗ್ಗೆ ಬೆಲ್ಲದ ಕಾಫಿಯ ಒಂದು ಗುಟುಕೂ ಬೇಡ. ಮೂತ್ರ ಸಂಗ್ರಹಿಸುವವರು ಆ ಇಡೀ ದಿನ ಕಾಫಿ ಬಿಡಬೇಕಾಗುತ್ತದೆ. ಅಮಿಟ್ರಿಪ್ಟಿಲಿನ್, ವೆನ್ಲಾಫಾಕ್ಸಿನ್‌ನಂತಹ ಮನೋರೋಗದ ಮಾತ್ರೆಗಳು, ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಸೂಡೊಎಫೆಡ್ರಿನ್ ಇರುವ ಶೀತದ ಮಾತ್ರೆಗಳು ಫಲಿತಾಂಶವನ್ನು ಏರಿಸುತ್ತವೆ. ಕೆಲವು ಲ್ಯಾಬ್ ವಿಧಾನಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಅಡ್ಡಬರುತ್ತದೆ. ಸಹಜ ಮಿತಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು ಬಂದರೆ ಗೆಡ್ಡೆ ಇರುವುದು ಬಹುತೇಕ ಖಚಿತ. ಮಿತಿಯನ್ನು ಅಲ್ಪಸ್ವಲ್ಪ ದಾಟಿದ್ದರೆ ಹೆದರದೆ, ಮೇಲಿನ ಕರಾರುಗಳನ್ನೆಲ್ಲ ಪಾಲಿಸಿ ಮತ್ತೊಮ್ಮೆ ಮಾಡಿಸಬೇಕು.

ರೋಗ ಖಚಿತವಾದ ಎಲ್ಲರಿಗೂ ಜೀನ್ ಪರೀಕ್ಷೆಯ ಸಲಹೆ ಕೊಡುವುದು ಇಂದಿನ ಕ್ರಮ, ಏಕೆಂದರೆ ಮೂವರಲ್ಲಿ ಒಬ್ಬರಿಗಾದರೂ ಇದು ವಂಶದಿಂದ ಬಂದಿರುತ್ತದೆ. ಕುಟುಂಬದ ಇತಿಹಾಸ ಕೇಳಿದಾಗ ಒಕ್ಕದವರ ವಿಷಯವನ್ನಷ್ಟೇ ಹೇಳಿ ಸುಮ್ಮನಾಗದೆ ತಾಯಿಮನೆಯ ಕಡೆಯವರ ಬಿಪಿ, ಹಠಾತ್ ಸಾವು, ಥೈರಾಯ್ಡ್ ಕ್ಯಾನ್ಸರ್‌ಗಳನ್ನೂ ಹೇಳಬೇಕು.

ಕಾರ್ಟಿಸಾಲ್: ಮಾತ್ರೆ, ಜೊಲ್ಲು, ಮೂತ್ರ

ಮುಖ ಗುಂಡಗಾಗಿ, ಹೊಟ್ಟೆಯ ಮೇಲೆ ಒಂದು ಸೆಂ.ಮೀ.ಗಿಂತ ಅಗಲವಾದ ನೇರಳೆ ಬರೆಗಳು ಮೂಡಿ, ತಾಗಿದಲ್ಲೆಲ್ಲ ಚರ್ಮ ಕಂದುಗಟ್ಟಿ, ತೊಡೆಯ ಬಲ ಕುಗ್ಗಿ ತೋಟದ ಏರು ಹತ್ತುವುದೂ ನೆಲದಿಂದ ಏಳುವುದೂ ಕಷ್ಟವಾದರೆ, ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಸಿಂಡ್ರೋಮ್‌ನ ಅನುಮಾನ ಬರಬೇಕು. ಆದರೆ ಯಾವ ಪರೀಕ್ಷೆಗೂ ಮುಂಚೆ ಕೇಳಬೇಕಾದದ್ದು ಹೊರಗಿನ ಸ್ಟೀರಾಯ್ಡ್‌ನ ಕುರಿತು: ಮಂಡಿಗೆ ಹಾಕಿಸಿಕೊಂಡ ಇಂಜೆಕ್ಷನ್, ಉಬ್ಬಸದ ಇನ್‌ಹೇಲರ್, ಬಿಳುಪಿಗೆಂದೋ ಕಜ್ಜಿಗೆಂದೋ ತಿಂಗಳುಗಟ್ಟಲೆ ಹಚ್ಚಿದ ಕ್ಲೊಬೆಟಸಾಲ್ ಅಥವಾ ಬೀಟಾಮೆಥಾಸೋನ್ ಮುಲಾಮು, ಗಂಟುನೋವಿಗೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿ. ಇವುಗಳಿಂದಲೂ ಅದೇ ಮುಖ, ಅದೇ ಬರೆಗಳು ಬರುತ್ತವೆ, ಗೆಡ್ಡೆ ಇರುವುದಿಲ್ಲ.

ಮೂರು ಪರೀಕ್ಷೆಗಳಲ್ಲಿ ಅಡ್ರಿನಲ್ ಗೆಡ್ಡೆಯ ಮಟ್ಟಿಗೆ ನನ್ನ ಮೊದಲ ಆಯ್ಕೆ 1 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಪರೀಕ್ಷೆ. ರಾತ್ರಿ 11ರಿಂದ 12ರ ನಡುವೆ 0.5 ಮಿ.ಗ್ರಾಂ.ನ ಎರಡು ಮಾತ್ರೆ ನುಂಗಿ, ಬೆಳಿಗ್ಗೆ 8ರಿಂದ 9ರೊಳಗೆ ರಕ್ತ ಕೊಟ್ಟರೆ ಮುಗಿಯಿತು. ಆರೋಗ್ಯವಂತರಲ್ಲಿ ಆ ಮಾತ್ರೆಯಿಂದ ಕಾರ್ಟಿಸಾಲ್ ತಗ್ಗಿ ಡೆಸಿಲೀಟರಿಗೆ 1.8 ಮೈಕ್ರೋಗ್ರಾಂ ಅಥವಾ ಅದಕ್ಕೂ ಕೆಳಗೆ ಬರುತ್ತದೆ. ತನ್ನಿಷ್ಟಕ್ಕೆ ಕಾರ್ಟಿಸಾಲ್ ಸುರಿಸುವ ಗೆಡ್ಡೆ ಈ ಆಜ್ಞೆಗೆ ಜಗ್ಗುವುದಿಲ್ಲ. ಹೊರಲಕ್ಷಣಗಳಿಲ್ಲದೆ 1.8 ದಾಟಿದವರನ್ನು ‘ಸೌಮ್ಯ ಸ್ವಾಯತ್ತ ಕಾರ್ಟಿಸಾಲ್ ಸ್ರಾವ’ ಎಂದು ಗುರುತಿಸಬೇಕೆಂದು 2023ರ ಯುರೋಪಿಯನ್ ಮಾರ್ಗಸೂಚಿ ಹೇಳುತ್ತದೆ. ಅಂಥವರ ಬಿಪಿ, ಸಕ್ಕರೆ, ಮೂಳೆಸವೆತಗಳ ಮೇಲೆ ಕಣ್ಣಿಡಬೇಕಾಗುತ್ತದೆ. ಸೀರಂನಲ್ಲಿರುವ ಕಾರ್ಟಿಸಾಲ್ ಗಟ್ಟಿಮುಟ್ಟಾದ ಹಾರ್ಮೋನ್. ಗೋಣಿಕೊಪ್ಪಲಿನಲ್ಲಿ ತೆಗೆದು ತಣ್ಣಗಿನ ಪೆಟ್ಟಿಗೆಯಲ್ಲಿ ಮರುದಿನ ಬೆಂಗಳೂರು ಮುಟ್ಟಿದರೂ ಫಲಿತಾಂಶ ಕೆಡುವುದಿಲ್ಲ. ಇದಕ್ಕೆ ರೋಗಿ ಊರು ಬಿಡಬೇಕಾಗಿಲ್ಲ.

ಆದರೆ ಈ ಪರೀಕ್ಷೆ ಕೆಲವರಲ್ಲಿ ಸುಳ್ಳು ಹೇಳುತ್ತದೆ. ಗರ್ಭನಿರೋಧಕ ಮಾತ್ರೆಯಲ್ಲಿರುವ ಈಸ್ಟ್ರೋಜನ್ ರಕ್ತದಲ್ಲಿ ಕಾರ್ಟಿಸಾಲ್ ಹೊರುವ ಪ್ರೋಟೀನನ್ನು ಹೆಚ್ಚಿಸುವುದರಿಂದ ಅಂಕಿ ಸುಮ್ಮನೆ ಏರುತ್ತದೆ. ಅಪಸ್ಮಾರದ ಫಿನೈಟಾಯಿನ್ ಮತ್ತು ಕಾರ್ಬಮಜೆಪಿನ್, ಕ್ಷಯದ ರಿಫಾಂಪಿಸಿನ್ ಇವು ಡೆಕ್ಸಾಮೆಥಾಸೋನನ್ನು ಬೆಳಗಾಗುವ ಮೊದಲೇ ಕರಗಿಸಿಬಿಡುತ್ತವೆ. ಇಂಥವರಿಗೆ ನಡುರಾತ್ರಿಯ ಜೊಲ್ಲಿನ ಕಾರ್ಟಿಸಾಲ್ ಉತ್ತಮ: ಮಲಗುವ ಹೊತ್ತಿಗೆ ಹತ್ತಿಯ ತುಂಡೊಂದನ್ನು ಬಾಯಲ್ಲಿಟ್ಟು ನೆನೆಸಿ ಟ್ಯೂಬಿಗೆ ಹಾಕಿ ಮುಚ್ಚುವುದು, ಕನಿಷ್ಠ ಎರಡು ರಾತ್ರಿ. ಅದಕ್ಕೆ ಮುನ್ನ ಹಲ್ಲುಜ್ಜಿ ಒಸಡಿನಲ್ಲಿ ರಕ್ತ ಬರಿಸಿಕೊಳ್ಳಬಾರದು, ಎಲೆಅಡಿಕೆ ಮತ್ತು ಹೊಗೆಸೊಪ್ಪು ದೂರವಿರಬೇಕು. ಈ ಮಾದರಿಯೂ ಪ್ರಯಾಣವನ್ನು ತಾಳುತ್ತದೆ, ಆದರೆ ಎಲ್ಲ ಲ್ಯಾಬ್‌ಗಳೂ ಇದನ್ನು ಮಾಡುವುದಿಲ್ಲ. ರಾತ್ರಿಯಿಡೀ ಆನೆ ಕಾವಲಿಗೆ ಕೂರುವ ತೋಟದ ಕಾವಲುಗಾರರಿಗೂ ರಾತ್ರಿ ಪಾಳಿಯ ದಾದಿಯರಿಗೂ ಇದು ಸಲ್ಲದು. ಅವರ ದೇಹಕ್ಕೆ ನಡುರಾತ್ರಿಯೆಂದರೆ ನಮ್ಮ ನಡುರಾತ್ರಿಯಲ್ಲ. 24 ತಾಸಿನ ಮೂತ್ರದ ಕಾರ್ಟಿಸಾಲ್ ಮೂರನೆಯದು. ಸೌಮ್ಯ ಸ್ರಾವವಿರುವ ಅಡ್ರಿನಲ್ ಗೆಡ್ಡೆಗಳಲ್ಲಿ ಇದು ಹೆಚ್ಚಾಗಿ ಸಹಜವಾಗಿಯೇ ಬರುತ್ತದೆ, ಆದ್ದರಿಂದ ಅದೊಂದನ್ನೇ ನಂಬಿ ‘ಏನೂ ಇಲ್ಲ’ ಎನ್ನುವಂತಿಲ್ಲ. ಮಾತ್ರೆ ಕೊಡದೆ ಬೆಳಿಗ್ಗೆ ಬರಿದೆ ಕಾರ್ಟಿಸಾಲ್ ನೋಡುವುದಂತೂ ಈ ಪ್ರಶ್ನೆಯ ಮಟ್ಟಿಗೆ ಹಣದ ದಂಡ. ಅತಿಯಾದ ಮದ್ಯಪಾನ ಮತ್ತು ತೀವ್ರ ಖಿನ್ನತೆ ಕೂಡ ಕಾರ್ಟಿಸಾಲ್ ಏರಿಸುತ್ತವೆ. ಕುಡಿತದ ವಿಷಯವನ್ನು ವೈದ್ಯರೆದುರು ಮುಚ್ಚಿಡುವುದರಿಂದ ನಷ್ಟ ರೋಗಿಗೇ.

ಕಾರ್ಟಿಸಾಲ್ ಹೆಚ್ಚಿರುವುದು ಖಚಿತವಾದ ಮೇಲೆ ಎಸಿಟಿಎಚ್ ನೋಡುತ್ತಾರೆ; ಕಾರ್ಟಿಸಾಲ್ ತಯಾರಿಸಲು ಅಡ್ರಿನಲ್‌ಗೆ ಆಜ್ಞೆ ಕೊಡುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನ್ ಇದು. ಅದು ಮಿಲಿಲೀಟರಿಗೆ 10 ಪಿಕೋಗ್ರಾಂಗಿಂತ ಕೆಳಗಿದ್ದರೆ ಮೂಲ ಅಡ್ರಿನಲ್‌ನಲ್ಲಿ, 20 ದಾಟಿದ್ದರೆ ಪಿಟ್ಯುಟರಿಯಲ್ಲಿ ಅಥವಾ ಬೇರೆಡೆ. ಎಸಿಟಿಎಚ್ ಬಹಳ ಬೇಗ ಕೆಡುವ ಹಾರ್ಮೋನ್. ರಕ್ತ ತೆಗೆದ ಟ್ಯೂಬು ಕೂಡಲೆ ಐಸಿಗೆ ಇಳಿಯಬೇಕು, ಪ್ಲಾಸ್ಮಾ ತಡವಿಲ್ಲದೆ ಬೇರ್ಪಡಬೇಕು. ದಾರಿಯಲ್ಲಿ ಕೆಟ್ಟು ಕಡಿಮೆ ಬಂದ ಎಸಿಟಿಎಚ್, ಪಿಟ್ಯುಟರಿಯ ರೋಗಿಯನ್ನು ಅಡ್ರಿನಲ್ ರೋಗಿಯೆಂದು ತೋರಿಸಿಬಿಡುತ್ತದೆ. ಇದಕ್ಕೆ ರೋಗಿಯೇ ಹೋಗಬೇಕು.

ಅಲ್ಡೋಸ್ಟೀರಾನ್: ಮೂರರಲ್ಲಿ ಹೆಚ್ಚು ಸಾಮಾನ್ಯ, ಹೆಚ್ಚು ತಪ್ಪಿಹೋಗುವಂಥದ್ದು

1955ರಲ್ಲಿ ಅಮೆರಿಕದ ವೈದ್ಯ ಜೆರೋಮ್ ಕಾನ್ ವಿವರಿಸಿದ, ಅಲ್ಡೋಸ್ಟೀರಾನ್ ಅತಿಯಾಗುವ ಈ ರೋಗ ಬಿಪಿ ಇರುವವರಲ್ಲಿ ಶೇ. 5ರಿಂದ 10ರಷ್ಟು ಮಂದಿಗೆ ಇರುತ್ತದೆ. ಪೊಟ್ಯಾಸಿಯಂ ಕಡಿಮೆಯಿದ್ದರೆ ಮಾತ್ರ ಅನುಮಾನಿಸುವುದು ಹಳೆಯ ರೂಢಿ. ಹೆಚ್ಚಿನ ರೋಗಿಗಳಲ್ಲಿ ಪೊಟ್ಯಾಸಿಯಂ ಸಹಜವಾಗಿಯೇ ಇರುತ್ತದೆ. ಇರುವ ಕೊರತೆಯೂ ರಕ್ತ ತೆಗೆಯುವ ರೀತಿಯಿಂದ ಮರೆಯಾಗಬಹುದು: ರಬ್ಬರ್ ಪಟ್ಟಿ ಬಿಗಿದು ಮುಷ್ಟಿಯನ್ನು ಹತ್ತಾರು ಬಾರಿ ಬಿಗಿಹಿಡಿಸಿ ತೆಗೆದ ರಕ್ತದಲ್ಲಿ, ಸೀರಂ ಬೇರ್ಪಡಿಸದೆ ಗಂಟೆಗಟ್ಟಲೆ ಇಟ್ಟ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಾಗಿ ಕಾಣುತ್ತದೆ.

ಆರಂಭದ ಪರೀಕ್ಷೆ ಅಲ್ಡೋಸ್ಟೀರಾನ್ ಮತ್ತು ರೆನಿನ್‌ಗಳ ಅನುಪಾತ; ರೆನಿನ್ ಎಂದರೆ ಅಲ್ಡೋಸ್ಟೀರಾನ್ ಹೆಚ್ಚಿಸಲು ಮೂತ್ರಪಿಂಡ ಕಳುಹಿಸುವ ಸಂದೇಶ. ಅಲ್ಡೋಸ್ಟೀರಾನ್ ಹೆಚ್ಚಿದ್ದು ರೆನಿನ್ ತೀರಾ ತಗ್ಗಿದ್ದರೆ ಗ್ರಂಥಿ ಹೇಳಿದ ಮಾತು ಕೇಳುತ್ತಿಲ್ಲವೆಂದು ಅರ್ಥ. ಬೆಳಿಗ್ಗೆ ಎದ್ದು ಎರಡು ಗಂಟೆಯಾದರೂ ಓಡಾಡಿ, ಆಮೇಲೆ 5ರಿಂದ 15 ನಿಮಿಷ ಕುಳಿತು ರಕ್ತ ಕೊಡಬೇಕು. ಮಡಿಕೇರಿಯ ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರಿಗೆ ಈ ಕರಾರು ತಾನಾಗಿಯೇ ಪೂರೈಸುತ್ತದೆ. ಪೊಟ್ಯಾಸಿಯಂ ಕೊರತೆಯನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಬಿಪಿಗೆಂದು ಉಪ್ಪು ಬಿಟ್ಟವರು ಪರೀಕ್ಷೆಯ ಮುಂಚಿನ ದಿನಗಳಲ್ಲಿ ವೈದ್ಯರನ್ನು ಕೇಳಿ ಎಂದಿನಂತೆ ಉಣ್ಣಬೇಕು, ಏಕೆಂದರೆ ಉಪ್ಪಿಲ್ಲದ ಊಟ ರೆನಿನನ್ನು ಏರಿಸಿ ರೋಗವನ್ನು ಮರೆಮಾಡುತ್ತದೆ. ಕೆಮ್ಮಿಗೆಂದು ಜ್ಯೇಷ್ಠಮಧು ಜಗಿಯುವ ಅಭ್ಯಾಸವಿದ್ದರೆ ಅದನ್ನೂ ಹೇಳಬೇಕು. ಅದು ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸಿ ಇದೇ ರೋಗದ ವೇಷ ಹಾಕುತ್ತದೆ.

ಔಷಧಗಳಲ್ಲಿ ಸ್ಪೈರೊನೊಲ್ಯಾಕ್ಟೋನ್ ಮತ್ತು ಎಪ್ಲೆರಿನೋನ್ ಹೆಚ್ಚು ಗೊಂದಲ ಮಾಡುತ್ತವೆ, ಸಾಧ್ಯವಾದರೆ ನಾಲ್ಕು ವಾರ ಮೊದಲೇ ನಿಲ್ಲಿಸುತ್ತಾರೆ. ಅಟೆನೊಲಾಲ್, ಮೆಟೊಪ್ರೊಲಾಲ್‌ಗಳು ರೆನಿನನ್ನು ತಗ್ಗಿಸಿ ಇಲ್ಲದ ರೋಗವನ್ನು ತೋರಿಸುತ್ತವೆ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಗಳು ರೆನಿನನ್ನು ಏರಿಸಿ ಇರುವ ರೋಗವನ್ನು ಅಡಗಿಸುತ್ತವೆ. ಪ್ರಾಜೊಸಿನ್ ಮತ್ತು ವೆರಪಮಿಲ್ ಅಷ್ಟಾಗಿ ಅಡ್ಡಬರುವುದಿಲ್ಲ. ಹಾಗೆಂದು ಎಲ್ಲವನ್ನೂ ನಿಲ್ಲಿಸಿಯೇ ಪರೀಕ್ಷೆ ಎಂದು ಹಟ ಹಿಡಿಯಬೇಕಿಲ್ಲ: ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತಿದ್ದರೂ ರೆನಿನ್ ನೆಲಕಚ್ಚಿದ್ದರೆ ಆ ಫಲಿತಾಂಶ ಇನ್ನಷ್ಟು ನಂಬಲರ್ಹ.

ಸಾಗಣೆಯಲ್ಲಿ ರೆನಿನ್‌ನ ಸ್ವಭಾವ ಎಸಿಟಿಎಚ್‌ಗೆ ತೀರಾ ವಿರುದ್ಧ. ರೆನಿನ್ ಟ್ಯೂಬನ್ನು ಐಸಿನಲ್ಲಿಟ್ಟರೆ ರಕ್ತದಲ್ಲಿರುವ ನಿಷ್ಕ್ರಿಯ ಪ್ರೊರೆನಿನ್ ಆ ಚಳಿಗೆ ಸಕ್ರಿಯವಾಗಿ, ರೆನಿನ್ ಹೆಚ್ಚಾಗಿ ಕಂಡು, ಅನುಪಾತ ಸಹಜವೆಂದು ಬರುತ್ತದೆ. ಕೋಣೆಯ ಉಷ್ಣತೆಯಲ್ಲೇ ಪ್ಲಾಸ್ಮಾ ಬೇರ್ಪಡಿಸಿ ಆಮೇಲೆ ಒಮ್ಮೆಗೇ ಘನೀಕರಿಸಬೇಕು. ಎರಡೂ ಟ್ಯೂಬುಗಳನ್ನು ಒಂದೇ ಐಸ್ ಪೆಟ್ಟಿಗೆಗೆ ಹಾಕಿ ಮೈಸೂರಿನ ವಾಹನಕ್ಕೆ ಏರಿಸುವ ಕೇಂದ್ರದಲ್ಲಿ ಈ ಪರೀಕ್ಷೆ ಮಾಡಿಸುವುದಕ್ಕಿಂತ ಮಾಡಿಸದಿರುವುದೇ ವಾಸಿ, ಏಕೆಂದರೆ ‘ಸಹಜ’ ಎಂಬ ಸುಳ್ಳು ವರದಿ ಆ ರೋಗಿಯ ಕಡತವನ್ನು ಹಲವು ವರ್ಷ ಮುಚ್ಚಿಬಿಡುತ್ತದೆ.

ಅನುಪಾತ ಹೆಚ್ಚಿದ್ದರೆ ಖಚಿತಪಡಿಸಲು ನಾಲ್ಕು ಗಂಟೆಯಲ್ಲಿ ಎರಡು ಲೀಟರ್ ಸಲೈನ್ ಕೊಟ್ಟು ಅಲ್ಡೋಸ್ಟೀರಾನ್ ತಗ್ಗುತ್ತದೆಯೇ ಎಂದು ನೋಡುವ ಕ್ರಮವಿದೆ. ಹೃದಯ ದುರ್ಬಲವಾಗಿರುವವರಿಗೂ ಬಿಪಿ ತೀರಾ ಏರಿರುವವರಿಗೂ ಇದು ಬೇಡ. ತಾನಾಗಿಯೇ ಪೊಟ್ಯಾಸಿಯಂ ಇಳಿದು, ರೆನಿನ್ ಅಳತೆಗೇ ಸಿಗದಷ್ಟಿದ್ದು, ಅಲ್ಡೋಸ್ಟೀರಾನ್ ಡೆಸಿಲೀಟರಿಗೆ 20 ನ್ಯಾನೋಗ್ರಾಂ ದಾಟಿದ್ದರೆ ಈ ಪರೀಕ್ಷೆ ಇಲ್ಲದೆಯೇ ಮುಂದುವರಿಯಬಹುದು.

ಚಿತ್ರಗಳು, ಮತ್ತು ಕಡೆಯ ಒಂದು ಪರೀಕ್ಷೆ

ಅಲ್ಟ್ರಾಸೌಂಡ್‌ನಲ್ಲಿ ಸಣ್ಣ ಅಡ್ರಿನಲ್ ಗೆಡ್ಡೆಗಳು ನಂಬುವಂತೆ ಕಾಣುವುದಿಲ್ಲ. ಕಾಂಟ್ರಾಸ್ಟ್ ಇಲ್ಲದ ಸಾದಾ ಸಿಟಿ ಸ್ಕ್ಯಾನ್ ಮೊದಲ ಆಯ್ಕೆ. ಅದರಲ್ಲಿ ಗೆಡ್ಡೆಯ ಸಾಂದ್ರತೆ 10 ಹೌನ್ಸ್‌ಫೀಲ್ಡ್ ಅಥವಾ ಅದಕ್ಕೂ ಕಡಿಮೆಯಿದ್ದು ಏಕರೂಪವಾಗಿದ್ದರೆ ಅದು ಕೊಬ್ಬಿನಂಶದ ನಿರಪಾಯ ಗೆಡ್ಡೆ. ವರದಿಯಲ್ಲಿ ಈ ಅಂಕಿ ಬಿಟ್ಟುಹೋಗಿದ್ದರೆ ಬರೆಸಿಕೊಳ್ಳಬೇಕು. ಗಾತ್ರ 4 ಸೆಂ.ಮೀ. ಮೀರಿ ಸಾಂದ್ರತೆ 20ಕ್ಕಿಂತ ಹೆಚ್ಚಿದ್ದರೆ ತಡಮಾಡದೆ ಶಸ್ತ್ರಚಿಕಿತ್ಸಕರನ್ನು ಕಾಣಬೇಕು. ಗರ್ಭಿಣಿಯರಿಗೆ ಎಂಆರ್‌ಐ ಸರಿ. ಮೆಟಾನೆಫ್ರಿನ್ ಫಲಿತಾಂಶ ಬರುವ ಮೊದಲು ಸೂಜಿಯ ಬಯಾಪ್ಸಿಗೆ ಯಾರೂ ಒಪ್ಪಬಾರದು.

ಅಲ್ಡೋಸ್ಟೀರಾನ್ ರೋಗದಲ್ಲಿ ಮಾತ್ರ ಸಿಟಿಯ ಮಾತನ್ನು ಪೂರ್ತಿ ನಂಬಲಾಗದು. ಗೆಡ್ಡೆ ಎಡಗಡೆ ಕಂಡರೂ ಹಾರ್ಮೋನ್ ಎರಡೂ ಕಡೆಯಿಂದ ಬರುತ್ತಿರಬಹುದು. ತೊಡೆಯ ಸಂದಿನ ರಕ್ತನಾಳದಿಂದ ನಳಿಕೆ ತೂರಿಸಿ ಎರಡೂ ಅಡ್ರಿನಲ್ ಅಭಿಧಮನಿಗಳಿಂದ ರಕ್ತ ತೆಗೆದು ಹೋಲಿಸುವ ಪರೀಕ್ಷೆಯೇ ಇದಕ್ಕೆ ಉತ್ತರ. ಬಲಗಡೆಯ ಅಭಿಧಮನಿ ಗಿಡ್ಡನೆಯದು, ನೇರವಾಗಿ ದೊಡ್ಡ ಮಹಾಭಿಧಮನಿಗೆ ಸೇರುವಂಥದ್ದು, ಹುಡುಕಿ ಹಿಡಿಯುವುದು ಕಷ್ಟ. ಆದ್ದರಿಂದ ಆಸ್ಪತ್ರೆಯ ಹೆಸರಿಗಿಂತ ಅಲ್ಲಿನ ರೇಡಿಯಾಲಜಿಸ್ಟ್ ಇದನ್ನು ಎಷ್ಟು ಪದೇ ಪದೇ ಮಾಡುತ್ತಾರೆ ಎಂಬುದನ್ನು ವಿಚಾರಿಸಿ ಊರು ಆರಿಸಿಕೊಳ್ಳಬೇಕು. ಹೊರಡುವ ಮುನ್ನ ಡೆಕ್ಸಾಮೆಥಾಸೋನ್ ಪರೀಕ್ಷೆಯನ್ನು ಇಲ್ಲೇ ಮುಗಿಸಿಕೊಂಡಿರಬೇಕು, ಏಕೆಂದರೆ ಈ ಹೋಲಿಕೆ ಕಾರ್ಟಿಸಾಲನ್ನೇ ಅಳತೆಗೋಲಾಗಿ ಬಳಸುತ್ತದೆ. ಅದೇ ಗೆಡ್ಡೆ ಕಾರ್ಟಿಸಾಲನ್ನೂ ಸುರಿಸುತ್ತಿದ್ದರೆ ಲೆಕ್ಕ ತಪ್ಪುತ್ತದೆ. ವಯಸ್ಸು 35ಕ್ಕಿಂತ ಕಡಿಮೆಯಿದ್ದು, ಪೊಟ್ಯಾಸಿಯಂ ತಗ್ಗಿ, ಅಲ್ಡೋಸ್ಟೀರಾನ್ ತುಂಬ ಏರಿ, ಒಂದೇ ಬದಿಯಲ್ಲಿ ಸ್ಪಷ್ಟ ಗೆಡ್ಡೆಯಿರುವವರು ಇದನ್ನು ಬಿಟ್ಟು ನೇರವಾಗಿ ಶಸ್ತ್ರಚಿಕಿತ್ಸೆಗೆ ಹೋಗಬಹುದು. ಶಸ್ತ್ರಚಿಕಿತ್ಸೆ ಬೇಡವೆಂದು ನಿರ್ಧರಿಸಿದವರಿಗೆ, ಅಥವಾ ಬೇರೆ ಕಾಯಿಲೆಗಳಿಂದ ಅದು ಸಾಧ್ಯವಿಲ್ಲದವರಿಗೆ ಕೂಡ ಈ ಪರೀಕ್ಷೆ ಬೇಕಿಲ್ಲ. ಅವರಿಗೆ ಸ್ಪೈರೊನೊಲ್ಯಾಕ್ಟೋನ್ ಆರಂಭಿಸಿ, ಬಿಪಿ ಮತ್ತು ಪೊಟ್ಯಾಸಿಯಂ ನೋಡಿಕೊಳ್ಳುತ್ತ ಪ್ರಮಾಣ ಹೊಂದಿಸುವ ಕೆಲಸ ಮಡಿಕೇರಿಯಲ್ಲೇ ಆಗುವಂಥದ್ದು.